ರೆಪೊಸಿಟರಿಯ ಕೀ ಅದರದೇ ಬೀಗಕ್ಕಷ್ಟೇ ಇರಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಳ್ಳಿ ಎನ್ನುವವರು ಹೆಚ್ಚಿದ್ದಾರೆ. ಸಲಹೆ ಒಳ್ಳೆಯದೇ. ಅದರ ಬೆನ್ನಿಗೇ ಬರುವ ‘ಈ ರೆಪೊಸಿಟರಿ ಸೇರಿಸಿ’ ಎಂಬ ಸೂಚನೆಗಳು ಮಾತ್ರ ಎಷ್ಟೋ ಸಲ ಹಳಸಲು. ರೆಪೊಸಿಟರಿ ಎಂದರೆ ತಂತ್ರಾಂಶದ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಅಂತರ್ಜಾಲದ ಉಗ್ರಾಣ; ಅದರ ಕೀ ಎಂದರೆ ಅಲ್ಲಿಂದ ಬಂದದ್ದರ ಡಿಜಿಟಲ್ ಸಹಿ ಅಸಲಿಯೇ ಎಂದು ಪರೀಕ್ಷಿಸಲು ಬೇಕಾದ ಕಡತ.

ಮೊದಲಿಗೆ, ಹೊರಗಿನ ರೆಪೊಸಿಟರಿ ಬೇಕೇ ಎಂದು ನೋಡಿಕೊಳ್ಳಬೇಕು. ಕನ್ನಡಕ್ಕಂತೂ ಬೇಡ. ಗುಬ್ಬಿ, ನವಿಲು ಫಾಂಟುಗಳು, ಕನ್ನಡ ಟೈಪಿಸಲು ನೆರವಾಗುವ ಐಬಸ್, ಕೆಜಿಪಿ ಕೀಲಿಮಣೆ ವಿನ್ಯಾಸವಿರುವ ಎಂ17ಎನ್ ಎಲ್ಲವೂ ಡೆಬಿಯನ್ (ಉಬುಂಟುವಿಗೆ ಮೂಲವಾದ ಲಿನಕ್ಸ್), ಉಬುಂಟುಗಳ ಸ್ವಂತ ರೆಪೊಸಿಟರಿಯಲ್ಲೇ ಇವೆ.

ಬೇಕೇ ಬೇಕೆಂದಾದರೆ, ಪ್ಯಾಕೇಜುಗಳನ್ನು ಇಳಿಸಿ ಸ್ಥಾಪಿಸುವ ‘ಆಪ್ಟ್’ ತಂತ್ರಾಂಶದ ಹಳೆಯ ಆಪ್ಟ್-ಕೀ ಆದೇಶವನ್ನು ಬಳಸಬೇಡಿ. ಅದು ಕೀಯನ್ನು ಸಾಮಾನ್ಯ ಗೊಂಚಲಿಗೆ ಸೇರಿಸಿಬಿಡುತ್ತದೆ. ಹಾಡು ಕೇಳುವ ತಂತ್ರಾಂಶಕ್ಕೆಂದು ತಂದ ಆ ಕೀ, ತನ್ನದೇ ಕೀ ಗೊತ್ತುಮಾಡಿಕೊಳ್ಳದ ಬೇರೆಲ್ಲ ರೆಪೊಸಿಟರಿಗಳಿಗೂ ಸಲ್ಲುತ್ತದೆ. ಪ್ಯಾಕೇಜಿನೊಳಗಿನ ಸ್ಕ್ರಿಪ್ಟುಗಳು ರೂಟ್ (ಇಡೀ ವ್ಯವಸ್ಥೆಯ ಮೇಲಿನ ಪೂರ್ಣ) ಅಧಿಕಾರದಲ್ಲೇ ಓಡುವುದರಿಂದ ಇದು ಸಣ್ಣ ಸಂಗತಿಯಲ್ಲ. ಡೆಬಿಯನ್ 13ರಲ್ಲಿ ಆ ಆದೇಶವೇ ಇಲ್ಲ.

ಈಗಿನ ಕ್ರಮ ಹೀಗಿದೆ: ಕೀಯನ್ನು /ಇಟಿಸಿ/ಆಪ್ಟ್/ಕೀರಿಂಗ್ಸ್ ಫೋಲ್ಡರಿನಲ್ಲಿಡಿ. ಅದರ ಗುರುತಾದ 40 ಅಕ್ಷರಗಳ ಫಿಂಗರ್‌ಪ್ರಿಂಟನ್ನು ತಯಾರಕರು ಪ್ರಕಟಿಸಿದ್ದರೊಂದಿಗೆ ತಾಳೆ ನೋಡಿ. ಪಠ್ಯರೂಪದ ಕೀಗೆ .ಎಎಸ್‌ಸಿ, ಬೈನರಿ ಕೀಗೆ .ಜಿಪಿಜಿ ಎಂಬ ಬಾಲ ಇರಲೇಬೇಕು. ಅದಲುಬದಲಾದರೆ ಕಡತ ಎದುರಿಗೇ ಇದ್ದರೂ ‘ನೋ ಪಬ್‌ಕೀ’ (ಕೀ ಸಿಗಲಿಲ್ಲ) ಎಂಬ ದೂರು ಬರುತ್ತದೆ. ಕಡತದ ಅನುಮತಿ 644 (ಎಲ್ಲರೂ ಓದಬಹುದು, ಒಡೆಯ ಮಾತ್ರ ಬದಲಿಸಬಹುದು) ಇರಲಿ, ಇಲ್ಲದಿದ್ದರೆ ಸಹಿ ಪರೀಕ್ಷಿಸುವ ಪ್ರಕ್ರಿಯೆಗೆ ಅದನ್ನು ಓದಲಾಗದು. ಬಳಿಕ ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿನಲ್ಲಿ .ಸೋರ್ಸಸ್ ಕಡತವೊಂದನ್ನು ಮಾಡಿ ಟೈಪ್ಸ್, ಯುಆರ್‌ಐಸ್, ಸೂಟ್ಸ್, ಕಾಂಪೊನೆಂಟ್ಸ್, ಸೈನ್ಡ್-ಬೈ ಎಂಬ ಐದು ಸಾಲು ಬರೆದರೆ ಸಾಕು. ಕೊನೆಯ ಸಾಲಿನಲ್ಲಿ ಕೀಯ ಪೂರ್ಣ ವಿಳಾಸ ಕೊಟ್ಟಾಗ ಈ ರೆಪೊಸಿಟರಿಗೆ ಆ ಕೀ ಮಾತ್ರ ನಡೆಯುತ್ತದೆ, ಆ ಕೀ ಇನ್ನೆಲ್ಲೂ ನಡೆಯುವುದಿಲ್ಲ.

ಮಿಂಟ್ ಬಳಸುವವರು ಎಡವುವುದು ವ್ಯವಸ್ಥೆಯ ಆವೃತ್ತಿಯ ಹೆಸರು ಬರೆಯುವ ಸೂಟ್ಸ್ ಸಾಲಿನಲ್ಲಿ. ಮಿಂಟ್ 22 ತನ್ನ ಹೆಸರು ‘ವಿಲ್ಮಾ’ ಎನ್ನುತ್ತದೆ. ಉಬುಂಟುವಿಗೆಂದು ಮಾಡಿದ ರೆಪೊಸಿಟರಿಗೆ ಗೊತ್ತಿರುವುದು ಮಿಂಟ್ 22ಕ್ಕೆ ಆಧಾರವಾದ ಉಬುಂಟು ಆವೃತ್ತಿಯ ಹೆಸರು ‘ನೋಬಲ್’. ಹೆಸರು ತಪ್ಪಿದರೆ ರಿಲೀಸ್ ಕಡತ ಇಲ್ಲವೆಂದು ಆಪ್ಟ್ ನಿಂತುಬಿಡುತ್ತದೆ. ಸರಿಯಾದ ಹೆಸರು ಓಎಸ್-ರಿಲೀಸ್ ಕಡತದ ಉಬುಂಟು ಕೋಡ್‌ನೇಮ್ ಸಾಲಿನಲ್ಲಿ ಸಿಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಸೂಚನೆ ಬರೆಯುವವರು ಹೇಳುವುದೇ ಅಪರೂಪ. ಸಾಮಾನ್ಯವಾಗಿ ಎಲ್ಲ ರೆಪೊಸಿಟರಿಗಳ ಆದ್ಯತೆಯೂ 500. ಒಂದೇ ಪ್ಯಾಕೇಜ್ ಎರಡು ಕಡೆ ಇದ್ದರೆ ಆವೃತ್ತಿಸಂಖ್ಯೆ ದೊಡ್ಡದಿರುವುದೇ ಗೆಲ್ಲುತ್ತದೆ. ಒಂದು ತಂತ್ರಾಂಶಕ್ಕೆಂದು ಸೇರಿಸಿದ ರೆಪೊಸಿಟರಿ ಹೀಗೆ ಹಲವು ತಂತ್ರಾಂಶಗಳು ಹಂಚಿಕೊಳ್ಳುವ ವ್ಯವಸ್ಥೆಯ ಲೈಬ್ರರಿಯನ್ನೇ ಬದಲಿಸಿ ಕೂರಬಹುದು. ಪ್ರಿಫರೆನ್ಸಸ್.ಡಿ ಫೋಲ್ಡರಿನ ಕಡತವೊಂದರಲ್ಲಿ ಹೊರಗಿನದರ ಆದ್ಯತೆಯನ್ನು 100ಕ್ಕೆ ಇಳಿಸಿ, ಅಪ್‌ಡೇಟ್ ಓಡಿಸಿದ ಮೇಲೆ ಆಪ್ಟ್ ಪಾಲಿಸಿ ಆದೇಶದಿಂದ ಖಚಿತಪಡಿಸಿಕೊಳ್ಳಿ.

ರೆಪೊಸಿಟರಿ ಬೇಡವಾದಾಗ ಅದರ .ಸೋರ್ಸಸ್ ಕಡತ ಅಳಿಸಿದರೆ ಅಲ್ಲಿಂದ ಬಂದ ಪ್ಯಾಕೇಜುಗಳು ಹೋಗುವುದಿಲ್ಲ. ಭದ್ರತಾ ಪರಿಹಾರ ಕಾಣದೆ ಹಾಗೇ ಉಳಿಯುತ್ತವೆ. ಉಬುಂಟು ಬಳಕೆದಾರರಿಗೆಂದು ವ್ಯಕ್ತಿಗಳು, ತಂಡಗಳು ನಡೆಸುವ ರೆಪೊಸಿಟರಿಗಳಾದ ಪಿಪಿಎಗಳಿಗಾದರೆ ಪಿಪಿಎ-ಪರ್ಜ್ ಆದೇಶ ಇದೆ, ಅದು ಉಬುಂಟುವಿನ ಆವೃತ್ತಿಗೇ ಮರಳಿಸುತ್ತದೆ. ಉಳಿದವನ್ನು ಕೈಯಾರೆ ತೆಗೆಯಬೇಕು.

– ಲಿನಕ್ಸ್ ಬಳಕೆದಾರ, ಮೈಸೂರು