ಅಲ್ಪಾಕಾ ಹಿಂಡಿಗೆ ರೋಗ ಬರುವ ದಾರಿ ಬೇರೆ

ಮಾನ್ಯರೇ,

ಉಣ್ಣೆಗಾಗಿ ಸಾಕುವ, ಒಂಟೆಯ ಬಳಗದ ಪ್ರಾಣಿಯಾದ ಅಲ್ಪಾಕಾದ ಸಾಕಣೆಯ ಬಗ್ಗೆ ಕೃಷಿ ಪುರವಣಿಯಲ್ಲಿ ಬಂದ ಲೇಖನ ಉಣ್ಣೆ, ಮೇವು, ಬೇಲಿ ಇವುಗಳ ಕುರಿತು ಒಳ್ಳೆಯ ವಿವರ ಕೊಟ್ಟಿದೆ. ರೋಗದ ವಿಷಯವನ್ನು ಮಾತ್ರ ಎರಡೇ ಸಾಲಿನಲ್ಲಿ ಮುಗಿಸಿದೆ: ಗೇಟಿನ ಬಳಿ ಸೋಂಕುನಿವಾರಕದ ತೊಟ್ಟಿ ಇಡಿ, ತಿಂಗಳಿಗೊಮ್ಮೆ ಎಲ್ಲಕ್ಕೂ ಜಂತಿನ ಔಷಧ ಕುಡಿಸಿ. ಮೊದಲ ಸಲಹೆಯಿಂದ ಸಿಗುವ ಪ್ರಯೋಜನ ಕಡಿಮೆ. ಎರಡನೆಯದು ಹಿಂಡನ್ನೇ ಕೆಡಿಸುತ್ತದೆ. ಹೊಸದಾಗಿ ಈ ಪ್ರಾಣಿ ಸಾಕಲು ಹೊರಟವರು ಅದನ್ನೇ ನಂಬಿ ಕೂರಬಾರದೆಂದು ಈ ಪತ್ರ.

ಹಿಂಡಿಗೆ ರೋಗ ಬರುವುದು ಬಹುಪಾಲು ಕೊಂಡು ತಂದ ಪ್ರಾಣಿಯ ಜೊತೆಗೆ. ಹಾಗಾಗಿ ಹಣ, ಶ್ರಮ ಎರಡೂ ಮೊದಲು ಹೋಗಬೇಕಾದದ್ದು ಪ್ರತ್ಯೇಕ ದೊಡ್ಡಿಗೆ. ಎಷ್ಟೋ ಮಂದಿ ಹೊಸ ಪ್ರಾಣಿಯನ್ನು ಎರಡು-ಮೂರು ವಾರ ಬೇರೆ ಇಟ್ಟು, ಕೆಮ್ಮಿಲ್ಲ, ಬೇಧಿಯಿಲ್ಲ, ಚೆನ್ನಾಗಿ ಮೇಯುತ್ತಿದೆ ಎಂದು ಹಿಂಡಿನೊಳಗೆ ಬಿಟ್ಟುಬಿಡುತ್ತಾರೆ. ಅಲ್ಪಾಕಾದ ಮಟ್ಟಿಗೆ ಈ ಹೊರನೋಟಕ್ಕೆ ಕಿಮ್ಮತ್ತಿಲ್ಲ. ಕಾಯಿಲೆಯನ್ನು ತೋರಗೊಡದಿರುವುದು ಅದರ ಹುಟ್ಟುಗುಣ. ಮಲಗಿದ್ದು ಏಳಲಿಲ್ಲ ಎನ್ನುವ ಹೊತ್ತಿಗೆ ರೋಗ ಕೈಮೀರಿರುತ್ತದೆ. ದೊಡ್ಡಿಯಲ್ಲಿಟ್ಟ ದಿನಗಳು ಸುಮ್ಮನೆ ಕಾಯುವುದಕ್ಕಲ್ಲ, ಪರೀಕ್ಷೆ ಮಾಡಿಸುವುದಕ್ಕೆ.

ಎಷ್ಟು ದಿನ? 30 ದಿನ ಎಂಬುದು ರೂಢಿಯ ಲೆಕ್ಕ. ನಮ್ಮ ಮಾತು ಕೇಳುವುದಾದರೆ 45 ದಿನ ಇಡಿ. ಕಾರಣ ಐಮೇರಿಯಾ ಮಕುಸಾನಿಯೆನ್ಸಿಸ್, ಸಾಕುವವರ ಬಾಯಲ್ಲಿ 'ಇ-ಮ್ಯಾಕ್'. ಕರುಳಿನ ಗೋಡೆಯನ್ನು ಹಾಳು ಮಾಡುವ ಈ ಪರೋಪಜೀವಿ ಹೊಟ್ಟೆ ಸೇರಿದ ಮೇಲೆ ಹಿಕ್ಕೆಯಲ್ಲಿ ಅದರ ಮೊಟ್ಟೆಯಂಥ ಕೋಶ (ಊಸಿಸ್ಟ್) ಕಾಣಿಸಿಕೊಳ್ಳಲು 32ರಿಂದ 43 ದಿನ ಬೇಕು. ಅಂದರೆ 21ನೇ ದಿನ 'ಏನೂ ಇಲ್ಲ' ಎಂದು ಬಂದ ವರದಿ ನಿಜಕ್ಕೂ ಏನನ್ನೂ ಹೇಳುವುದಿಲ್ಲ. ಇನ್ನೊಂದು ತೊಡಕೂ ಇದೆ. ಇದರ ಊಸಿಸ್ಟ್ ದೊಡ್ಡದು, ಭಾರ. ಪ್ರಯೋಗಾಲಯಗಳು ಜಂತಿನ ಮೊಟ್ಟೆ ತೇಲಿಸಲು ಬಳಸುವ ಉಪ್ಪಿನ ದ್ರಾವಣದಲ್ಲಿ ಸರಿಯಾಗಿ ಮೇಲೆ ಬರುವುದಿಲ್ಲ. ಸಾಂದ್ರತೆ 1.28ರಷ್ಟಿರುವ ಸಕ್ಕರೆ ದ್ರಾವಣದಲ್ಲಿ ತೇಲಿಸಬೇಕು. ಮಾದರಿ ಕಳಿಸುವಾಗಲೇ ಚೀಟಿಯಲ್ಲಿ 'ಅಲ್ಪಾಕಾ, ಸಕ್ಕರೆ ದ್ರಾವಣದಲ್ಲಿ ಇ-ಮ್ಯಾಕ್ ನೋಡಿ' ಎಂದು ಬರೆಯಿರಿ. ಹಿಕ್ಕೆಯಲ್ಲಿ ಕಾಣುವ ಮೊದಲೇ ಪ್ರಾಣಿ ಸೊರಗಿ ಸಾಯುವುದೂ ಉಂಟು. ಆದ್ದರಿಂದ ತೂಕ ಇಳಿಯುತ್ತಿದ್ದರೆ ವರದಿಗೆ ಕಾಯದೆ ಪಶುವೈದ್ಯರನ್ನು ಕರೆಸಬೇಕು.

ದೊಡ್ಡಿ ಹಿಂಡಿನಿಂದ ಹತ್ತು ಮೀಟರಾದರೂ ದೂರವಿರಲಿ, ಮೂತಿಗೆ ಮೂತಿ ತಾಗುವಂತಿರಬಾರದು. ಮಳೆನೀರು ಅಲ್ಲಿಂದ ಹಿಂಡಿನ ಕಡೆ ಹರಿಯಬಾರದು; ಇದನ್ನು ನೋಡದೆ ಏರಿನಲ್ಲಿ ದೊಡ್ಡಿ ಕಟ್ಟಿದವರೇ ಹೆಚ್ಚು. ಬಕೆಟ್ಟು, ಸಲಿಕೆ, ಹಗ್ಗ, ಬೂಟು ಎಲ್ಲವೂ ಅಲ್ಲಿಗೇ ಬೇರೆ. ಕೆಲಸ ಮೊದಲು ಹಿಂಡಿನಲ್ಲಿ, ಕೊನೆಗೆ ದೊಡ್ಡಿಯಲ್ಲಿ. ಆದರೆ ಅಲ್ಪಾಕಾವನ್ನು ಒಂಟಿಯಾಗಿ ಮಾತ್ರ ಇಡಬೇಡಿ. ಗುಂಪಿನ ಪ್ರಾಣಿ ಒಂಟಿಯಾದರೆ ಆ ಒತ್ತಡಕ್ಕೇ ಮೇವು ಬಿಡುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಕೊಳ್ಳುವಾಗಲೇ ಎರಡು ಕೊಳ್ಳಿ. ಇಲ್ಲವಾದರೆ ನಿಮ್ಮ ಹಿಂಡಿನ, ಗಬ್ಬವಿಲ್ಲದ ಒಂದು ಪ್ರಾಣಿಯನ್ನು ಜೊತೆಗೆ ಬಿಟ್ಟು, ಅವಧಿ ಮುಗಿಯುವವರೆಗೆ ಅದನ್ನೂ ಹೊಸತೆಂದೇ ಎಣಿಸಿ.

ದೊಡ್ಡಿಯಲ್ಲಿರುವಾಗ ಆಗಬೇಕಾದ ರಕ್ತಪರೀಕ್ಷೆಗಳಲ್ಲಿ ಮುಖ್ಯವಾದದ್ದು ಬಿವಿಡಿ, ಅಂದರೆ ಬೊವೈನ್ ವೈರಲ್ ಡಯೇರಿಯಾ. ದನಗಳ ಈ ವೈರಸ್ ಅಲ್ಪಾಕಾಗೂ ತಗಲುತ್ತದೆ. ತಾಯಿಗೆ ಗಬ್ಬದ ಮೊದಲ ತಿಂಗಳುಗಳಲ್ಲಿ ಸೋಂಕು ಬಂದರೆ ಹೊಟ್ಟೆಯಲ್ಲಿರುವ ಮರಿಯ ದೇಹ ವೈರಸ್ಸನ್ನು ತನ್ನದೇ ಎಂದುಕೊಳ್ಳುತ್ತದೆ. ಅಂಥ ಮರಿ ಬದುಕಿರುವಷ್ಟು ಕಾಲವೂ ಮೂಗಿನ ಸಿಂಬಳ, ಹಿಕ್ಕೆ, ಮೂತ್ರಗಳಲ್ಲಿ ವೈರಸ್ ಚೆಲ್ಲುತ್ತಲೇ ಇರುತ್ತದೆ. ಇಲ್ಲಿ ಎಡವುವವರು ಬಹಳ: ಗಬ್ಬದ ಹೆಣ್ಣನ್ನು ಕೊಂಡು ಪಿಸಿಆರ್ ಮಾಡಿಸುತ್ತಾರೆ, ಫಲಿತಾಂಶ ನೆಗೆಟಿವ್ ಬರುತ್ತದೆ, ನಿರಾಳವಾಗುತ್ತಾರೆ. ತಾಯಿ ಆಗಲೇ ಗುಣವಾಗಿರಬಹುದು, ವೈರಸ್ ಇರುವುದು ಹೊಟ್ಟೆಯೊಳಗಿನ ಮರಿಯಲ್ಲಿ. ಅಲ್ಪಾಕಾ ಗಬ್ಬ ಸುಮಾರು ಹನ್ನೊಂದೂವರೆ ತಿಂಗಳಿನದು, ಮರಿ ಹುಟ್ಟುವ ಹೊತ್ತಿಗೆ ಪ್ರತ್ಯೇಕ ದೊಡ್ಡಿಯ ನೆನಪೇ ಯಾರಿಗೂ ಇರುವುದಿಲ್ಲ. ಹೊರಗಿನಿಂದ ಗಬ್ಬದಲ್ಲೇ ಬಂದ ಹೆಣ್ಣು ಬೇರೆ ಕೊಟ್ಟಿಗೆಯಲ್ಲೇ ಈಯಬೇಕು. ಮರಿಯ ರಕ್ತದ ಪಿಸಿಆರ್ ವರದಿ ಬರುವವರೆಗೆ ತಾಯಿ-ಮರಿ ಎರಡೂ ಬೇರೆ ಗಬ್ಬದ ಪ್ರಾಣಿಗಳ ಹತ್ತಿರ ಸುಳಿಯಬಾರದು.

ಕ್ಷಯದ ಪರೀಕ್ಷೆ ಇಷ್ಟು ಸರಳವಲ್ಲ. ದನಗಳಿಗೆ ಮಾಡುವ ಚರ್ಮದ ಪರೀಕ್ಷೆ ಅಲ್ಪಾಕಾದಲ್ಲಿ ಸೋಂಕಿರುವ ಎಷ್ಟೋ ಪ್ರಾಣಿಗಳನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಯೂ ಬೇಕು. ಚರ್ಮದ ಪರೀಕ್ಷೆಗೆ ಬಳಸುವ ಟ್ಯುಬರ್ಕ್ಯುಲಿನ್ ದ್ರವ ಚುಚ್ಚಿ 10ರಿಂದ 30 ದಿನದೊಳಗೆ ರಕ್ತ ತೆಗೆದರೆ ಪ್ರತಿಕಾಯ ಸ್ಪಷ್ಟವಾಗಿ ಕಾಣುತ್ತದೆ. ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ತಂದ ಜೆರೊನಿಮೊ ಎಂಬ ಅಲ್ಪಾಕಾಗೆ ಎರಡು ಬಾರಿ ಪಾಸಿಟಿವ್ ಬಂದು, ವರ್ಷಗಟ್ಟಲೆ ಕೋರ್ಟು-ಕಚೇರಿ ಅಲೆದಾಟ ನಡೆದು, 2021ರ ಆಗಸ್ಟ್ 31ರಂದು ಸರ್ಕಾರವೇ ಅದನ್ನು ಕೊಲ್ಲಿಸಿತು. ಆ ಜಗಳವೆಲ್ಲ ಪರೀಕ್ಷೆಯನ್ನು ಎಷ್ಟು ನಂಬಬಹುದು ಎಂಬುದರ ಮೇಲೇ. ಫಲಿತಾಂಶ ಪಾಸಿಟಿವ್ ಬಂದರೆ ಏನು ಮಾಡಬೇಕಾಗುತ್ತದೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ರಕ್ತ ತೆಗೆಸುವ ಮೊದಲೇ ಪಶುವೈದ್ಯರ ಜೊತೆ ಮಾತಾಡಿಕೊಳ್ಳುವುದು ಜಾಣತನ.

ಇನ್ನು ತಿಂಗಳಿಗೊಮ್ಮೆ ಜಂತಿನ ಔಷಧ. ಇದು ಎಲ್ಲಿಂದ ಬಂತು ಎಂಬುದು ಗೊತ್ತಿರುವುದೇ. ಉತ್ತರ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳಿಂದ, ಬಸವನಹುಳುಗಳ ಮೂಲಕ ಅಲ್ಪಾಕಾದ ಮಿದುಳು-ಬೆನ್ನುಹುರಿಗೆ ಸೇರುವ ಒಂದು ಹುಳುವಿದೆ. ಅದನ್ನು ತಡೆಯಲು ಅಲ್ಲಿ ತಿಂಗಳು ತಿಂಗಳೂ ಐವರ್ಮೆಕ್ಟಿನ್ ಎಂಬ ಜಂತಿನ ಔಷಧ ಕೊಡುವ ರೂಢಿ ಬೆಳೆಯಿತು. ಆ ಜಿಂಕೆಯೂ ಆ ಹುಳುವೂ ಇಲ್ಲದ ಕಡೆ ಅದೇ ಪದ್ಧತಿ ಹಿಡಿದರೆ ಲಾಭವಿಲ್ಲ, ನಷ್ಟ ಮಾತ್ರ ಪೂರ್ತಿ. ಹೊಟ್ಟೆಯ ರಕ್ತಹೀರುವ ಹುಳು ಹೀಮಾಂಕಸ್ ಪ್ರತಿ ಡೋಸಿನಲ್ಲೂ ಔಷಧಕ್ಕೆ ಬಗ್ಗದ ತನ್ನ ಸಂತತಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ ಎಂದ ಮೇಲೆ ಆ ಸಂತತಿ ಹುಲ್ಲುಗಾವಲು ತುಂಬಲು ಹೆಚ್ಚು ಕಾಲ ಬೇಡ. ಕುರಿ-ಮೇಕೆಗಳಿಗೂ ಇದೇ ಹುಳು; ಒಟ್ಟಿಗೆ ಮೇಯಿಸಿದರೆ ಎರಡೂ ಕಡೆ ಹಬ್ಬುತ್ತದೆ.

ಸರಿಯಾದ ಕ್ರಮ ಇದು. ಮೊದಲು ಹಿಕ್ಕೆಯಲ್ಲಿರುವ ಹುಳುವಿನ ಮೊಟ್ಟೆಗಳ ಎಣಿಕೆ, ಆಮೇಲೆ ಅಗತ್ಯವಿರುವ ಪ್ರಾಣಿಗೆ ಮಾತ್ರ ಔಷಧ. ಅಲ್ಪಾಕಾಗಳು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ರಾಶಿಯಿಂದ ಎತ್ತಿದರೆ ಯಾರದು ಎಂದು ತಿಳಿಯುವುದಿಲ್ಲ. ಬೆಳಿಗ್ಗೆ ಹಿಂಡು ಎದ್ದು ರಾಶಿಯ ಬಳಿ ಸಾಲುಗಟ್ಟುವಾಗ ಹತ್ತಿರ ನಿಂತು, ಬಿದ್ದ ಕೂಡಲೇ ಒಂದೊಂದರದ್ದೂ 3-5 ಗ್ರಾಂ ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಫ್ರಿಜ್‌ನಲ್ಲಿಡಿ. ಬಿಸಿಲಲ್ಲಿಟ್ಟರೆ ಮೊಟ್ಟೆ ಒಡೆದು ಮರಿಯಾಗಿ ಎಣಿಕೆ ತಪ್ಪುತ್ತದೆ. ಔಷಧ ಕೊಟ್ಟ 10-14 ದಿನಕ್ಕೆ ಮತ್ತೆ ಎಣಿಸಿ. ಮೊಟ್ಟೆಗಳು ಶೇ 95ರಷ್ಟಾದರೂ ಇಳಿಯದಿದ್ದರೆ ಆ ಔಷಧಕ್ಕೆ ಹುಳು ಬಗ್ಗುತ್ತಿಲ್ಲ ಎಂದರ್ಥ. ಅಂದಾಜಿನ ತೂಕಕ್ಕೆ ಡೋಸ್ ಹಾಕುವುದೂ ಪ್ರತಿರೋಧಕ್ಕೆ ದಾರಿಯೇ, ತೂಗಿಯೇ ಕೊಡಬೇಕು. ಕೆಲವು ಔಷಧಗಳು ಕುರಿಯ ಪ್ರಮಾಣದಲ್ಲಿ ಅಲ್ಪಾಕಾಗೆ ಸಾಲುವುದಿಲ್ಲ, ಕೆಲವು ಸ್ವಲ್ಪ ಹೆಚ್ಚಾದರೂ ವಿಷ. ಡಬ್ಬಿಯ ಮೇಲಿನ ಕುರಿಯ ಲೆಕ್ಕ ಅನುಸರಿಸದೆ ವೈದ್ಯರಿಂದಲೇ ಪ್ರಮಾಣ ಬರೆಸಿಕೊಳ್ಳಿ. ಹಿಕ್ಕೆ ರಾಶಿಯನ್ನು ವಾರಕ್ಕೆ ಎರಡು ಬಾರಿ ಎತ್ತಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ, ಏಕೆಂದರೆ ಬೆಚ್ಚಗಿನ ಒದ್ದೆ ವಾತಾವರಣದಲ್ಲಿ ಮೊಟ್ಟೆ ಸೋಂಕು ತಗಲಿಸುವ ಮರಿಯಾಗಲು ಒಂದು ವಾರ ಸಾಕು.

ನಡುವೆ ಕೈಗೆ ಒಂದು ಕೆಲಸ ಕೊಡಿ. ಮೂರು-ನಾಲ್ಕು ವಾರಕ್ಕೊಮ್ಮೆ ಪ್ರತಿ ಪ್ರಾಣಿಯ ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನೆಲುಬಿನ ಮೇಲೆ ಅಂಗೈ ಇಟ್ಟು ಉಣ್ಣೆಯಡಿಯ ಮಾಂಸ ಒತ್ತಿ ನೋಡಿ. ಬೆನ್ನೆಲುಬಿನಿಂದ ಇಳಿಜಾರು ನೇರವಾಗಿದ್ದರೆ ಸರಿ. ಒಳಕ್ಕೆ ಗುಳಿಬಿದ್ದು ಮೂಳೆ ಚೂಪಾಗಿ ತಾಗಿದರೆ ಪ್ರಾಣಿ ಸೊರಗುತ್ತಿದೆ. ಹಾಗೆಯೇ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ: ಕೆಂಪಿದ್ದರೆ ನಿಶ್ಚಿಂತೆ, ಬಿಳಿಚಿದ್ದರೆ ಹೀಮಾಂಕಸ್ಸನ್ನು ಮೊದಲು ಅನುಮಾನಿಸಿ. ಉಣ್ಣೆಯ ಗಾತ್ರ ನೋಡಿ ದಷ್ಟಪುಷ್ಟ ಎಂದುಕೊಂಡ ಪ್ರಾಣಿ ಕೈಗೆ ಬರೀ ಮೂಳೆಯಾಗಿ ಸಿಗುವುದು ಅಪರೂಪವೇನಲ್ಲ.

ಗೇಟಿನ ತೊಟ್ಟಿಯ ಬಗ್ಗೆ ಒಂದೆರಡು ಮಾತು. ಹಿಕ್ಕೆ ಮೆತ್ತಿದ ಬೂಟನ್ನು ಅದ್ದಿದರೆ ಆ ಕೊಳೆಯೇ ಔಷಧದ ಶಕ್ತಿಯನ್ನು ನುಂಗಿಬಿಡುತ್ತದೆ. ಮೊದಲು ನೀರು, ಸೋಪು, ಬ್ರಷ್. ಆಮೇಲೆ ಸೋಂಕುನಿವಾರಕ, ಅದೂ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಎರಡು ಸೆಕೆಂಡು ಕಾಲಿಟ್ಟು ದಾಟುವುದು ಬರೀ ಶಾಸ್ತ್ರ. ಮನೆಯ ಬ್ಲೀಚ್ ಆದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಪ್ರತಿದಿನ ಹೊಸದಾಗಿ ಬೆರೆಸಿ. ಇಷ್ಟು ಮಾಡಿದರೂ ಇ-ಮ್ಯಾಕ್ ಮತ್ತು ಬೇಧಿ ತರುವ ಇನ್ನೊಂದು ಪರೋಪಜೀವಿ ಕ್ರಿಪ್ಟೊಸ್ಪೊರಿಡಿಯಂ ಇದಕ್ಕೆ ಸಾಯುವುದಿಲ್ಲ, ಅವಕ್ಕೆ ಹಬೆಯ ಬಿಸಿ ಮತ್ತು ಚೆನ್ನಾಗಿ ಒಣಗಿಸುವುದೇ ಮದ್ದು. ಬಂದವರಿಗೆ ನಿಮ್ಮದೇ ನಾಲ್ಕು ಜೊತೆ ಬೂಟು ಇಡುವುದು ತೊಟ್ಟಿಗಿಂತ ಮೇಲು.

ಲೇಖನ ಪ್ರಸ್ತಾಪಿಸದ ಇನ್ನೊಂದು ದಾರಿಯೆಂದರೆ ಒಂದು ಹಿಂಡಿನಿಂದ ಇನ್ನೊಂದಕ್ಕೆ ಹೋಗುವ ಸಲಕರಣೆ ಮತ್ತು ಗಂಡು ಪ್ರಾಣಿ. ಉಣ್ಣೆ ಕತ್ತರಿಸುವ ಯಂತ್ರದ ಅಲಗು ಒಡೆದ ಬಾವಿನ ಕೀವನ್ನು, ಕಜ್ಜಿಯ ನುಸಿಯನ್ನು ಮುಂದಿನ ಪ್ರಾಣಿಗೆ ದಾಟಿಸುತ್ತದೆ. ಎಳೆಯವು ಮೊದಲು, ಗಂಟು-ಕಜ್ಜಿ ಇರುವುದು ಕಟ್ಟಕಡೆಗೆ. ಹಿಂಡು ಬದಲಾಗುವಾಗ ಅಲಗು ಬಿಚ್ಚಿ, ಉಣ್ಣೆ-ಎಣ್ಣೆ ಉಜ್ಜಿ ತೆಗೆದು, ನೆನೆಹಾಕಬೇಕು. ಚುಚ್ಚುಮದ್ದಿನ ಸೂಜಿ ಒಂದು ಪ್ರಾಣಿಗೆ ಒಂದೇ. ಸೂಜಿ ಉಳಿಸಲು ಹೋದವರು ರಕ್ತಕಣಕ್ಕೆ ಅಂಟುವ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ತಾವೇ ಹಂಚಿದಂತೆ. ಗಬ್ಬ ಕಟ್ಟಿಸಲು ವಾಹನದಲ್ಲಿ ಊರೂರು ಸುತ್ತುವ ಗಂಡನ್ನು ಕರೆಸುವುದು ಅಗ್ಗವೆನಿಸಬಹುದು, ಆದರೆ ಅದು ಹೋಗಿಬಂದ ಹಿಂಡುಗಳ ರೋಗವೆಲ್ಲ ಅದರ ಜೊತೆಗೇ ಇಳಿಯುತ್ತದೆ.

ಹುಟ್ಟಿದ ಮರಿಗೆ ಗಿಣ್ಣುಹಾಲೇ ಮೊದಲ ರಕ್ಷಣೆ, ತಾಯಿಯ ಪ್ರತಿಕಾಯ ಹೊಟ್ಟೆಯಲ್ಲಿರುವಾಗ ಮರಿಗೆ ದಾಟುವುದೇ ಇಲ್ಲವೆನ್ನಬಹುದು. 7 ಕಿಲೊ ಮರಿಗೆ ಮೊದಲ 24 ಗಂಟೆಯಲ್ಲಿ 700 ಮಿಲಿಲೀಟರ್ ಬೇಕು, ಆದಷ್ಟೂ ಮೊದಲ ಆರೇಳು ಗಂಟೆಯಲ್ಲೇ ಹೆಚ್ಚಿನ ಪಾಲು. ತಾಯಿಗೆ ಹಾಲಿಲ್ಲದಿದ್ದರೆ ಮೇಕೆಯ ಗಿಣ್ಣು ಆಗುತ್ತದೆ, ಆದರೆ ಕರುಳಿನ ಸೋಂಕಾದ ಜಾನ್ಸ್ ರೋಗವಿಲ್ಲವೆಂದು ಪರೀಕ್ಷೆಯಾದ ಮೇಕೆಯದೇ ಆಗಿರಲಿ. ಒಂದು ದಿನ ಕಳೆದ ಮೇಲೆ ಮರಿಯ ರಕ್ತದಲ್ಲಿ ಪ್ರತಿಕಾಯದ ಮಟ್ಟ ಅಳೆಯುವ ಐಜಿಜಿ ಪರೀಕ್ಷೆ ಮಾಡಿಸಿದರೆ ಸಾಕಷ್ಟು ಕುಡಿಯಿತೋ ಇಲ್ಲವೋ ಗೊತ್ತಾಗುತ್ತದೆ. ಕೋಳಿ ಅಥವಾ ದನದ ಸಿದ್ಧ ಮೇವನ್ನು ಅಲ್ಪಾಕಾಗೆ ಹಾಕಲೇಬೇಡಿ. ಅದಕ್ಕೆ ಬೆರೆಸುವ ಮೊನೆನ್ಸಿನ್, ಸ್ಯಾಲಿನೊಮೈಸಿನ್ ಎಂಬ ಔಷಧಗಳು ಈ ಪ್ರಾಣಿಗೆ ಮಾರಕ. ಅದೇ ಯಂತ್ರದಲ್ಲಿ ಬೆರೆಸಿದ ಮೇವಿನಲ್ಲಿ ಉಳಿದ ಚೂರೂ ಅಪಾಯ ತರಬಹುದು, ಹಾಗಾಗಿ ಮೇವು ಮಾಡುವವರನ್ನು ಬಾಯಿಬಿಟ್ಟು ಕೇಳಿ.

ಯಾವುದೇ ಅಲ್ಪಾಕಾ ಕಾರಣ ತಿಳಿಯದೆ ಸತ್ತರೆ ಹೂಳುವ ಅವಸರ ಬೇಡ. ದಪ್ಪ ಉಣ್ಣೆಯಿಂದ ಕಳೇಬರ ಬೇಗ ಕೆಡುತ್ತದೆ, ಆದ್ದರಿಂದ ನೆರಳಿಗೆ ಎಳೆದು ಅದೇ ದಿನ ಮರಣೋತ್ತರ ಪರೀಕ್ಷೆ ಮಾಡಿಸಿ. ಶ್ವಾಸಕೋಶ, ಯಕೃತ್ತು, ಕರುಳಿನ ತುಂಡು, ಹಿಕ್ಕೆ ನಾಲ್ಕನ್ನೂ ಪ್ರಯೋಗಾಲಯಕ್ಕೆ ಕಳಿಸಲು ಹೇಳಿ. ಕ್ಷಯದ ಅನುಮಾನವಿದ್ದರೆ ಕೈಗವಸು, ಮುಖಗವಸು ಇಲ್ಲದೆ ಯಾರೂ ಮುಟ್ಟಬಾರದು.

– ಅಲ್ಪಾಕಾ ಹಿಂಡುಗಳ ಆರೋಗ್ಯ ನೋಡಿಕೊಳ್ಳುವ ಪಶುವೈದ್ಯರು