ಮಾರುತ್‌ಗೊಬ್ಬ ಅಣ್ಣನಿದ್ದ

ಪ್ರೀತಿಯ ಗೆಳೆಯಾ,

ಮೊನ್ನೆ ಕಸ್ತೂರಬಾ ರಸ್ತೆಯಲ್ಲಿ ಬರುವಾಗ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದಿನ ಮಾರುತ್, ಅದೇ ನಮ್ಮ ದೇಶದಲ್ಲೇ ತಯಾರಾದ ಜೆಟ್ ಯುದ್ಧವಿಮಾನ, ನೋಡಿ ನಿನ್ನ ನೆನಪಾಯಿತು. ಶಾಲೆಯಿಂದ ಹೋದಾಗ ಇಬ್ಬರೂ ಅದರ ಮೂತಿ ನೋಡುತ್ತಾ ನಿಂತುಬಿಟ್ಟಿದ್ದೆವು, ಅಲ್ವಾ? ಅದಕ್ಕೊಬ್ಬ ಅಣ್ಣ ಇದ್ದ ಅಂತ ಆಗ ನಮಗೆ ಗೊತ್ತಿರಲಿಲ್ಲ ಕಣೋ.

ಅಣ್ಣನ ಹೆಸರು ಪುಲ್ಕಿ-2. ಹುಟ್ಟಿದ್ದು ಅರ್ಜೆಂಟೀನಾದ ಕೊರ್ಡೊಬಾ ಊರಲ್ಲಿ. ಅಲ್ಲಿನ ಮೂಲನಿವಾಸಿ ಮಾಪುಚೆ ಜನರ ಮಾತಿನಲ್ಲಿ ಪುಲ್ಕಿ ಅಂದರೆ ಬಾಣ. ಜರ್ಮನಿ ಯುದ್ಧ ಸೋತ ಮೇಲೆ, 1947ರಲ್ಲಿ, ಎರಡೂ ವಿಮಾನಗಳ ನಕ್ಷೆ ಬಿಡಿಸಿದ ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ಬೇರೆ ಹೆಸರಿಟ್ಟುಕೊಂಡು ಅಲ್ಲಿಗೆ ಹೋದರು. ಜರ್ಮನಿಯಲ್ಲಿ ಕಾಗದದ ಮೇಲೇ ಉಳಿದುಹೋಗಿದ್ದ ಟಿಎ-183 ಜೆಟ್‌ನ ಯೋಚನೆಯೂ ಅವರ ಜೊತೆ ಹೋಯಿತು. ಅದೇ ಪುಲ್ಕಿ-2 ಆಯಿತು: ಹಿಂದಕ್ಕೆ ಬಾಗಿದ ರೆಕ್ಕೆ, ಎತ್ತರದ ಬಾಲ, ಬಾಲದ ತುದಿಯಲ್ಲಿ ಅಡ್ಡರೆಕ್ಕೆ, ಹೊಟ್ಟೆಯಲ್ಲಿ ರೋಲ್ಸ್ ರಾಯ್ಸ್ ನೀನ್ ಎಂಜಿನ್. ಮೊದಲು ಎಂಜಿನ್ ಇಲ್ಲದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1950ರ ಜೂನ್‌ನಲ್ಲಿ ಜೆಟ್ ಹಾರಿತು. 1951ರ ಫೆಬ್ರವರಿಯಲ್ಲಿ ಅಧ್ಯಕ್ಷ ಪೆರೋನ್ ಮುಂದೆ ಟ್ಯಾಂಕ್ ಅವರೇ ಅದನ್ನು ಹಾರಿಸಿ ತೋರಿಸಿದರು. ಆಗ ಅವರಿಗೆ 52 ವರ್ಷ. ತಾನು ಬಿಡಿಸಿದ ನಕ್ಷೆಯ ಮೇಲೆ ಎಂಥ ನಂಬಿಕೆ ನೋಡು!

ಆದರೆ ಆ ಚೆಂದದ ಬಾಲದಲ್ಲೇ ತೊಂದರೆ ಇತ್ತು. ವಿಮಾನದ ಮೂತಿ ಜಾಸ್ತಿ ಮೇಲಕ್ಕೆದ್ದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಆಗ ಬಾಲದ ಅಡ್ಡರೆಕ್ಕೆ ಮೂತಿಯನ್ನು ಕೆಳಗಿಳಿಸಬೇಕು. ಅದು ತುದಿಯಲ್ಲಿದ್ದರೆ, ಮುಂದಿನ ರೆಕ್ಕೆ ಕದಡಿದ ಗಾಳಿಯೊಳಗೇ ಸಿಕ್ಕಿಬೀಳುತ್ತದೆ. ಪೈಲಟ್ ಕೋಲನ್ನು ಎಷ್ಟು ಮುಂದಕ್ಕೆ ತಳ್ಳಿದರೂ ವಿಮಾನ ಕೇಳುವುದಿಲ್ಲ. ಕಲ್ಲಿನ ಹಾಗೆ ಕೆಳಗೆ ಬರುತ್ತದೆ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

1951ರ ಮೇ ತಿಂಗಳಲ್ಲಿ ಪುಲ್ಕಿ-2 ಹಾರಿಸುವಾಗ ರೆಕ್ಕೆ ಮುರಿದು ಪೈಲಟ್ ಕ್ಯಾಪ್ಟನ್ ಮನ್ನುವಾಲ್ ಸತ್ತರು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ, ಟ್ಯಾಂಕ್ ಜೊತೆಗೇ ಬಂದಿದ್ದ ಪೈಲಟ್ ಓಟ್ಟೊ ಬೆಹ್ರೆನ್ಸ್ ಕೂಡ ಅದನ್ನು ಹಾರಿಸುವಾಗಲೇ ತೀರಿಕೊಂಡರು. 1955ರಲ್ಲಿ ಪೆರೋನ್ ಅಧಿಕಾರ ಕಳೆದುಕೊಂಡರು. ತಂಡ ಚದುರಿತು. 1959ರಲ್ಲಿ ಐದನೆಯ ಪುಲ್ಕಿ-2 ಹಾರಿತಾದರೂ ಅಲ್ಲಿನ ವಾಯುಪಡೆಗೆ ಬಂದದ್ದು ಅಮೆರಿಕದ ಸೇಬರ್ ಜೆಟ್.

ಅಷ್ಟರಲ್ಲಿ ಟ್ಯಾಂಕ್ ಬೆಂಗಳೂರಿನ ವಿಮಾನ ಕಾರ್ಖಾನೆಗೆ, ಅಂದರೆ ನಮ್ಮ ಎಚ್ಎಎಲ್‌ಗೆ ಬಂದಾಗಿತ್ತು. ಇಲ್ಲೂ ಅದೇ ಪದ್ಧತಿ: ಮೊದಲು ಗ್ಲೈಡರ್, ಆಮೇಲೆ ಜೆಟ್. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್ ಅನ್ನು ಹಾರಿಸಿದರು. ಹೌದು, ನೀನು ದಿನಾ ಓಡಾಡುತ್ತಿದ್ದೆಯಲ್ಲ, ಆ ರಸ್ತೆಯ ಸುರಂಜನ್ ದಾಸ್ ಇವರೇ. 1970ರಲ್ಲಿ ಮಾರುತ್ ಹಾರಿಸುವಾಗಲೇ ಅವರೂ ತೀರಿಕೊಂಡರು. ಅಣ್ಣನಿಗೆ ಸಿಗದ ಭಾಗ್ಯ ತಮ್ಮನಿಗೆ ಸಿಕ್ಕಿತು, 147 ಮಾರುತ್‌ಗಳು ತಯಾರಾದವು.

ಮೊನ್ನೆ ನಾನು ಮ್ಯೂಸಿಯಂ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಈ ಸಲ ನೋಡಿದ್ದು ಬಾಲವನ್ನು. ಅಡ್ಡರೆಕ್ಕೆ ತುದಿಯಲ್ಲಿಲ್ಲ ಕಣೋ, ಕೆಳಗೆ ಒಡಲಿಗೇ ಅಂಟಿಕೊಂಡಿದೆ. ಕೊರ್ಡೊಬಾದಲ್ಲಿ ಸತ್ತವರು ಅದನ್ನು ಕೆಳಗಿಳಿಸಿದರು ಅಂತಲೇ ನನಗನಿಸಿತು. ರಜೆಗೆ ಬಂದಾಗ ಹೇಳು, ಒಟ್ಟಿಗೆ ಹೋಗಿ ಹಿಂದಿನಿಂದ ನೋಡೋಣ.

ನಿನ್ನ ಗೆಳೆಯ