ಹಳೆಯ ಎಚ್‌ಎಂಟಿ ವಾಚು: ಡಯಲ್‌ಗೆ ಮರುಬಣ್ಣ ಹಾಕಿದ್ದರೆ ಹೇಳಿ ಮಾರಲಿ

ಮಾನ್ಯ ಸಂಪಾದಕರೇ,

ಎಚ್‌ಎಂಟಿಯ ಕೀ ಕೊಡುವ ಹಳೆಯ ಕೈಗಡಿಯಾರಗಳಿಗೆ ಈಚಿನ ವರ್ಷಗಳಲ್ಲಿ ಮತ್ತೆ ಬೇಡಿಕೆ ಕುದುರಿದೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಪೈಲಟ್, ಜನತಾ, ಕೋಹಿನೂರ್, ಜವಾನ್ ಎಂದು ಹುಡುಕಿದರೆ ಕಿತ್ತಳೆ, ಗಿಳಿಹಸಿರು, ನವಿಲುನೀಲಿ, ಕಡುಗೆಂಪು ಡಯಲ್‌ಗಳ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ಬಣ್ಣ ಅಪರೂಪದ್ದಾದ್ದರಿಂದ ಬೆಲೆಯೂ ಹೆಚ್ಚಿರಬೇಕೆಂದು ನಂಬಿ ಅನೇಕರು, ಅದರಲ್ಲೂ ಮೊದಲ ಸಲ ಕೊಳ್ಳುವ ಯುವಕರು, ಚೌಕಾಸಿ ಮಾಡದೆ ಹಣ ಕೊಡುತ್ತಾರೆ. ಆದರೆ ಇಂಥ ಡಯಲ್‌ಗಳಲ್ಲಿ ಬಹಳಷ್ಟು ಕಾರ್ಖಾನೆಯ ಬಣ್ಣ ಹೊತ್ತವಲ್ಲ. ಮಾಸಿದ ಹಳೆಯ ಡಯಲನ್ನು ಉಜ್ಜಿ ತೆಗೆದು, ಹೊಸದಾಗಿ ಬಣ್ಣ ಬಳಿದು, ಅದರ ಮೇಲೆ ಎಚ್‌ಎಂಟಿ ಎಂದು ಮತ್ತೆ ಅಚ್ಚು ಹಾಕಿದವು. ಈ ವ್ಯತ್ಯಾಸ ಸಾರ್ವಜನಿಕರಿಗೆ ತಿಳಿಯಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಡಯಲ್‌ನ ಬಣ್ಣದಿಂದ ಹಳೆಯ ವಾಚಿನ ಬೆಲೆ ಏರುತ್ತದೆ ಎಂಬ ಮಾತೇನೂ ಸುಳ್ಳಲ್ಲ. ಜಗತ್ತಿನ ಹರಾಜು ಕಟ್ಟೆಗಳಲ್ಲಿ ಒಂದೇ ಮಾದರಿಯ, ಒಂದೇ ಯಂತ್ರವಿರುವ ಎರಡು ವಾಚುಗಳ ನಡುವೆ ಹಲವು ಪಟ್ಟು ಅಂತರ ಬರಲು ಎಷ್ಟೋ ಸಲ ಡಯಲ್ ಒಂದೇ ಕಾರಣವಾಗಿರುತ್ತದೆ. ರೋಲೆಕ್ಸ್ ಕಂಪನಿಯ ಡೇಟೋನಾ ವಾಚಿಗೆ 1960ರ ದಶಕದಲ್ಲಿ ಎರಡು ಬಣ್ಣಗಳ, ವಿಚಿತ್ರ ಅಂಕಿಗಳ ಒಂದು ಡಯಲ್ ಬಂದಿತ್ತು. ಆಗ ಅದನ್ನು ಕೇಳುವವರೇ ಕಡಿಮೆ. ಕಡಿಮೆ ಮಾರಾಟವಾದ ಕಾರಣಕ್ಕೇ ಇಂದು ಅದು ಸಾಮಾನ್ಯ ಡಯಲ್‌ನ ಡೇಟೋನಾಕ್ಕಿಂತ ಎಷ್ಟೋ ದುಬಾರಿ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಅಂಥ ಒಂದು ವಾಚು 2017ರಲ್ಲಿ ನ್ಯೂಯಾರ್ಕ್‌ನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. (ಅದರಲ್ಲಿ ಡಯಲ್‌ನ ಪಾಲೆಷ್ಟು, ನಟನ ಹೆಸರಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.) ಬಿಸಿಲಿಗೆ ಕಪ್ಪು ಬಣ್ಣ ಮಾಗಿ ಕಂದಾದ ಡಯಲ್‌ಗಳಿಗೆ ಸಂಗ್ರಾಹಕರು ‘ಟ್ರಾಪಿಕಲ್’ ಎಂದು ಹೆಸರಿಟ್ಟು ಹೆಚ್ಚು ಹಣ ಕೊಡುವುದೂ ಉಂಟು. ತಯಾರಿಕೆಯ ದೃಷ್ಟಿಯಿಂದ ಅದೊಂದು ದೋಷ. ಆದರೆ ಪ್ರತಿಯೊಂದು ಡಯಲ್ ಬೇರೆ ಬೇರೆ ರೀತಿಯಲ್ಲಿ ಮಾಗುವುದರಿಂದ ಒಂದರಂತೆ ಇನ್ನೊಂದು ಸಿಗುವುದಿಲ್ಲ.

ಇಂಥ ಕಡೆ ವಂಚನೆಯೂ ಹಿಂದೆಯೇ ಬರುತ್ತದೆ. 1957ರದೆಂದು ಹೇಳಲಾದ, ಕಂದುಬಣ್ಣಕ್ಕೆ ತಿರುಗಿದ ಡಯಲ್‌ನ ಒಮೆಗಾ ಸ್ಪೀಡ್‌ಮಾಸ್ಟರ್ ವಾಚೊಂದು 2021ರ ನವೆಂಬರಿನಲ್ಲಿ ಜಿನೀವಾ ಹರಾಜಿಗೆ ಬಂತು. ಹರಾಜಿನವರ ಅಂದಾಜು 80 ಸಾವಿರದಿಂದ 1.2 ಲಕ್ಷ ಸ್ವಿಸ್ ಫ್ರಾಂಕ್. ಮಾರಾಟವಾದದ್ದು 31 ಲಕ್ಷ ಫ್ರಾಂಕ್‌ಗೂ ಮೇಲೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 25 ಕೋಟಿ ರೂಪಾಯಿಗೆ. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. ಅದು ಬೇರೆ ಬೇರೆ ವಾಚುಗಳ ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ವಾಚು ಎಂದೂ ಇದರಲ್ಲಿ ತನ್ನದೇ ಮಾಜಿ ನೌಕರರ ಕೈವಾಡವಿತ್ತೆಂದೂ 2023ರಲ್ಲಿ ಅದೇ ಕಂಪನಿ ಹೇಳಬೇಕಾಯಿತು. ವಾಚು ತಯಾರಿಸಿದವರ ಕಣ್ಣಿಗೇ ಮಣ್ಣೆರಚಲು ಸಾಧ್ಯವಾದರೆ, ಮೊಬೈಲ್ ಪರದೆಯಲ್ಲಿ ನಾಲ್ಕು ಫೋಟೊ ನೋಡಿ ಕೊಳ್ಳುವವರ ಪಾಡೇನು?

ನಮ್ಮ ಎಚ್‌ಎಂಟಿಯ ವಿಷಯದಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಚು ತಯಾರಿಕೆ ಮುಂದೆ ತುಮಕೂರಿಗೂ ಹಬ್ಬಿತು. ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಮಾದರಿಗಳು ಹೊರಬಂದವು. ಪೈಲಟ್ ಹೆಸರಾದದ್ದು ಕಪ್ಪು ಡಯಲ್‌ನಿಂದ, ಜನತಾ ಬಿಳಿ ಡಯಲ್‌ನಿಂದ ಎಂಬುದು ನಿಜವಾದರೂ, ಕಾರ್ಖಾನೆಯೇ ನೀಲಿ, ಹಸಿರು, ಕಂದು ಡಯಲ್‌ಗಳನ್ನೂ ಹಾಕಿ ವಾಚು ಮಾರಿದೆ. ಆದ್ದರಿಂದ ಬಣ್ಣ ಕಂಡೊಡನೆ ನಕಲಿ ಎನ್ನುವಂತಿಲ್ಲ, ಬಣ್ಣವಿದೆಯೆಂದ ಮಾತ್ರಕ್ಕೆ ಅಪರೂಪದ್ದು ಎನ್ನುವಂತೆಯೂ ಇಲ್ಲ. ಆ ಬಣ್ಣ ಆ ಮಾದರಿಗೆ ಕಾರ್ಖಾನೆಯಲ್ಲೇ ಬಂದದ್ದೇ ಎಂಬುದಷ್ಟೇ ಬೆಲೆಯನ್ನು ನಿರ್ಧರಿಸಬೇಕು. ಮೂಲ ಡಯಲ್ ಅಂಚಿನಲ್ಲಿ ಸ್ವಲ್ಪ ಕಲೆಗಟ್ಟಿದ್ದರೂ ತಿಳಿದವರು ಅದಕ್ಕೇ ಹೆಚ್ಚು ಕೊಡುತ್ತಾರೆ. ಫಳಫಳ ಹೊಳೆಯುವ ಮರುಬಣ್ಣದ ಡಯಲ್‌ಗೆ ಅವರ ಲೆಕ್ಕದಲ್ಲಿ ಯಂತ್ರದ ಮತ್ತು ಕೇಸಿನ ಬೆಲೆ ಮಾತ್ರ. ಫಾವ್ರ್-ಲ್ಯೂಬಾ, ವೆಸ್ಟ್ ಎಂಡ್, ಸೀಕೋ ವಾಚುಗಳಿಗೂ ಇದೇ ರೀತಿ ಬಣ್ಣ ಹಾಕಿ ಹೊರದೇಶಗಳಿಗೆ ಕಳಿಸುವ ದಂಧೆಯಿಂದಾಗಿ ಅಲ್ಲಿನ ಸಂಗ್ರಾಹಕರು ಅವನ್ನು ‘ಮುಂಬೈ ಸ್ಪೆಷಲ್’ ಎಂದು ಲೇವಡಿ ಮಾಡುತ್ತಾರೆ. ಇದರ ಕೆಟ್ಟ ಪರಿಣಾಮವೆಂದರೆ, ಭಾರತದಿಂದ ಹೋದ ಅಸಲಿ ವಾಚನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ಗುರುತಿಸುವುದು ಅಷ್ಟು ಕಷ್ಟವಲ್ಲ. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯಲ್ಲಿ ಮೊದಲು ನೋಡಬೇಕಾದದ್ದು ಡಯಲ್‌ನ ಕೆಳತುದಿಯಲ್ಲಿ, 6ರ ಬುಡದಲ್ಲಿ ಇರುವ ಸಣ್ಣ ಅಚ್ಚನ್ನು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರ ಎಷ್ಟೇ ಸಣ್ಣದಿದ್ದರೂ ಗೆರೆಗಳು ಸಣ್ಣಗೆ, ಚೂಪಾಗಿ ಮೂಡಿರುತ್ತವೆ. ಮರು ಅಚ್ಚಿನಲ್ಲಿ ಅವು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ ಅಥವಾ ಆ ಸಾಲೇ ಇರುವುದಿಲ್ಲ. ಅಂಚಿನ ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳಿಗೆ ನೇರವಾಗಿ ಕೂಡದೆ ಕೂದಲೆಳೆಯಷ್ಟು ಸರಿದಿರುವುದೂ, ಕಡ್ಡಿಗಳ ಬುಡದಲ್ಲಿ ಬಣ್ಣ ಮಡುಗಟ್ಟಿರುವುದೂ ಅಷ್ಟೇ ಸ್ಪಷ್ಟ ಗುರುತುಗಳು. ಮುಳ್ಳುಗಳ ಮೇಲಿನ ರಾತ್ರಿ ಹೊಳೆಯುವ ಲೇಪ ಒಣಗಿ ಬಿರುಕುಬಿಟ್ಟಿದ್ದು, ಡಯಲ್‌ನ ಮೇಲಿನ ಲೇಪ ಮಾತ್ರ ನಿನ್ನೆ ಹಚ್ಚಿದಂತೆ ಕತ್ತಲಲ್ಲಿ ಬೆಳಗಿದರೆ ಇನ್ನು ಬೇರೆ ಸಾಕ್ಷಿ ಬೇಡ. ಆ ಕಾಲದ ಅನೇಕ ವಾಚುಗಳಲ್ಲಿ ಬಳಕೆಯಾದ ಟ್ರಿಟಿಯಂ ಸುಮಾರು 12 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುವ ವಸ್ತುವಾದ್ದರಿಂದ, ಐವತ್ತು ವರ್ಷ ಹಳೆಯ ಲೇಪ ಹಾಗೆ ಬೆಳಗಲಾರದು.

ಮರುಬಣ್ಣ ಹಾಕುವುದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಅಜ್ಜನ ವಾಚಿನ ಡಯಲ್ ನೀರಿಳಿದು ಹಾಳಾಗಿದ್ದರೆ ಅದನ್ನು ಸರಿಪಡಿಸಿ ಕಟ್ಟಿಕೊಳ್ಳುವುದು ಮನೆಯವರ ಇಷ್ಟ. ಡಯಲ್ ಬರೆಯುವ ಕುಶಲಕರ್ಮಿಗಳ ಕೈಚಳಕವೂ ಗೌರವಕ್ಕೆ ಅರ್ಹ. ಆಕ್ಷೇಪವಿರುವುದು, ಅವರು ಕೂಲಿಗೆ ಮಾಡಿದ ಕೆಲಸವನ್ನು ನಡುವಿನವರು ‘ಒರಿಜಿನಲ್, ರೇರ್ ಕಲರ್’ ಎಂಬ ಹಣೆಪಟ್ಟಿ ಅಂಟಿಸಿ ಮಾರುವುದಕ್ಕೆ.

ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸಂಪುಟ 2016ರಲ್ಲೇ ತೆಗೆದುಕೊಂಡದ್ದರಿಂದ ಕಾರ್ಖಾನೆಗೆ ಬರೆದು ವಿಚಾರಿಸುವ ದಾರಿ ಈಗ ಕೊಳ್ಳುವವರಿಗಿಲ್ಲ. ಆದರೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ. ಹಳೆಯ ಕ್ಯಾಟಲಾಗ್‌ಗಳಲ್ಲಿ ಉಳಿದಷ್ಟನ್ನಾದರೂ ಒಟ್ಟುಗೂಡಿಸಿ, ಯಾವ ಮಾದರಿ ಯಾವ ಯಾವ ಬಣ್ಣದ ಡಯಲ್‌ನಲ್ಲಿ ಬಂದಿತ್ತೆಂಬುದನ್ನು ಚಿತ್ರಸಹಿತ ಪ್ರಕಟಿಸಿದರೆ ಅರ್ಧದಷ್ಟು ಗೊಂದಲ ಬಗೆಹರಿಯುತ್ತದೆ. ತುಮಕೂರು ಮತ್ತು ಬೆಂಗಳೂರಿನ ಡಯಲ್ ವಿಭಾಗಗಳಲ್ಲಿ ದುಡಿದ ನಿವೃತ್ತ ನೌಕರರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗುವುದು ಒಳ್ಳೆಯದು. ಹಳೆಯ ವಾಚು ಮಾರುವ ಆನ್‌ಲೈನ್ ತಾಣಗಳು ತಮ್ಮ ಮಾರಾಟಗಾರರಿಂದ ‘ಡಯಲ್: ಮೂಲ’ ಅಥವಾ ‘ಡಯಲ್: ಮರುಬಣ್ಣ’ ಎಂದು ಕಡ್ಡಾಯವಾಗಿ ಬರೆಸಲಿ. ಅಲ್ಲಿಯವರೆಗೆ ಕೊಳ್ಳುವವರು ಹಣ ಕಳಿಸುವ ಮುನ್ನ 6ರ ಕೆಳಗಿನ ಅಚ್ಚು ಕಾಣುವಂತೆ ಹತ್ತಿರದಿಂದ ತೆಗೆದ ಫೋಟೊ ಕೇಳಲಿ, ಕೊಡಲೊಪ್ಪದವರ ವಾಚನ್ನು ಅಲ್ಲಿಗೇ ಬಿಡಲಿ.

ಇಂತಿ,
ತಮ್ಮ ಪತ್ರಿಕೆಯ ಓದುಗ
ತುಮಕೂರು